ಶಿಡ್ಲಘಟ್ಟ ಎಂದು ಬರೆದಿದ್ದ ವಿಡಿಯೊ

ಆ ಮಧ್ಯಾಹ್ನ ನನ್ನ ಡಿಟಿಪಿ ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು. ಕಂಪ್ಯೂಟರಿನ ಮುಂದೆ ನಾನು. ಪಕ್ಕದ ಸ್ಟೂಲಿನ ಮೇಲೆ, ಮಡಕಶಿರದ ಆಚೆಯ ರೊಳ್ಳದ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ರಾಯದುರ್ಗಕ್ಕೆ ಬಂದಿದ್ದ ಸಂಶೋಧಕಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವಳ ಮಾರ್ಗದರ್ಶಕರು. ನಮ್ಮೂರಿನವರೇ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. ನಾಲ್ಕನೆಯವರು ಪಕ್ಕದ ಸೀರೆ ಅಂಗಡಿಯ ಸಾಹುಕಾರರು. ಅವರು ಬಂದದ್ದು ಶ್ರಾವಣದ ಮಾರಾಟದ ಪೋಸ್ಟರ್ ಒಯ್ಯಲಿಕ್ಕೆ. ಸುರುಳಿ ಸುತ್ತಿ ಕೈಗೆ ಕೊಟ್ಟು ಬಹಳ ಹೊತ್ತಾಗಿದ್ದರೂ ಅವರು ಹೋಗಿರಲಿಲ್ಲ. ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಳ್ಳುತ್ತಿರುವಾಗ ಸುಮ್ಮನೆ ಎದ್ದು ಹೋಗುವ ಸ್ವಭಾವ ಅವರದಲ್ಲ.

ಸಂಶೋಧಕಿಯ ಪ್ರಬಂಧ ವಾಪಸ್ಸು ಬಂದಿತ್ತು. ರೇಷ್ಮೆಹುಳು ಸಾಕುವ ಮನೆಗಳ ಆಚಾರ, ಹಾಡು, ನಂಬಿಕೆಗಳ ಮೇಲೆ ಅವಳು ವರ್ಷಗಟ್ಟಲೆ ದುಡಿದು ಬರೆದಿದ್ದಳು. ಅದನ್ನು ಟೈಪು ಮಾಡಿ ಪುಟ ಕಟ್ಟಿದವಳು ನಾನು. ಹೊರಗಿನ ಪರೀಕ್ಷಕರೊಬ್ಬರು ಓದಿ, ಎರಡು ಮಾತು ಕೇಳಿ ಕಳಿಸಿದ್ದರು. ಒಂದು: ಚಿತ್ರಗಳ ಕೆಳಗೆಲ್ಲ 'ಚಿತ್ರಕೃಪೆ: ಅಂತರ್ಜಾಲ' ಎಂದಿದೆ, ಇದು ಆಕರವಲ್ಲ. ಎರಡನೆಯದು ನಿಜವಾದ ಪೆಟ್ಟು. ನಾಲ್ಕನೆಯ ಅಧ್ಯಾಯ ನಿಂತಿರುವುದೇ ಅಂತರ್ಜಾಲದ ಒಂದು ವಿಡಿಯೊದ ಮೇಲೆ. ಆ ಹಾಡು ಆಂಧ್ರದ ಮಡಕಶಿರ ಸೀಮೆಯದು ಎಂದು ಪ್ರಬಂಧ ಹೇಳುತ್ತದೆ. ವಿಡಿಯೊದ ವಿವರಣೆಯಲ್ಲಿ ಮಾತ್ರ ಕರ್ನಾಟಕದ 'ಶಿಡ್ಲಘಟ್ಟ' ಎಂದು ಇದೆ. ಆಕರ ಸರಿಪಡಿಸಿ, ಇಲ್ಲವೇ ಅಧ್ಯಾಯ ಕೈಬಿಡಿ.

"ಅದನ್ನ ತೆಗೆದ್ರೆ ಏನ್ ಉಳೀತೈತಕ್ಕ?" ಅಂದಳು ಸಂಶೋಧಕಿ. "ಬಾಕಿಯೆಲ್ಲ ಬ್ಯಾರೆಯೋರು ಬರ್ದಿರೋದೇ. ನಂದು ಅಂತ ಇರೋದು ಅದೊಂದೇ. ಇನ್ನ ಟೈಮೂ ಕೊಡಲ್ಲ, ಇದೇ ಕಡೇ ಸಲ ಅಂದವ್ರೆ."

ಸಾಹುಕಾರರು ಪ್ರಬಂಧದ ಪುಟ ತಿರುವುತ್ತ ನಿಂತವರು ಗಂಭೀರವಾಗಿ ಕೇಳಿದರು: "ಅಕ್ಕಾರ, ಈ ಅಂತರ್ಜಾಲ ಅನ್ನೋರು ಯಾರ್ರಿ? ಎಲ್ಲಾ ಫೋಟೋನೂ ಇವರ ಕೊಟ್ಟಾರ. ಬಾಳ ಉದಾರಿಗಳಿರಬೇಕು."

"ಅವರು ಯಾರಂತ ಗೊತ್ತಿಲ್ಲದಕ್ಕ ಈ ರಾಮಾಯಣ ನಡದೈತ್ರಿ ಅಣ್ಣಾರ," ಅಂದೆ. ಅಳುತ್ತಿದ್ದವಳಿಗೂ ನಗು ಬಂತು. ಕೆಲಸ ಶುರುವಾದದ್ದು ಆ ನಗುವಿನಿಂದ.

ನಮ್ಮ ಕಡೆ ಹೊಸ ಸ್ಟೀಲಿನ ಪಾತ್ರೆ ತಂದರೆ ಮೊದಲು ಹೆಸರು ಹೊಡೆಸುತ್ತಾರೆ. ನಮ್ಮಜ್ಜಿಯ ಪಾತ್ರೆಗಳು ಮದುವೆ, ತೊಟ್ಟಿಲು, ಗೃಹಪ್ರವೇಶ ಎಂದು ಓಣಿಯೆಲ್ಲ ಸುತ್ತಿ ಬರುತ್ತಿದ್ದವು. ಯಾರ ಅಡುಗೆಮನೆಯಲ್ಲಿದ್ದರೂ ಬುಡ ಮೇಲು ಮಾಡಿದರೆ ಯಜಮಾನಿ ಯಾರೆಂದು ತಿಳಿಯುತ್ತಿತ್ತು. ಅಂತರ್ಜಾಲದಲ್ಲೂ ಬುಡ ಮೇಲು ಮಾಡಿ ನೋಡುವ ಉಪಾಯ ಇದೆ. ಚಿತ್ರವನ್ನೇ ಕೊಟ್ಟು ಚಿತ್ರ ಹುಡುಕುವುದು. ಅದೇ ಚಿತ್ರ ಎಲ್ಲೆಲ್ಲಿದೆ ಎಂದು ಅದು ತೋರಿಸುತ್ತದೆ. ಮೊದಲು ಹಾಕಿದವರು ಯಾರೆಂದು ಪತ್ತೆ ಹಚ್ಚುವ ಕೆಲಸ ಮಾತ್ರ ನಮ್ಮದೇ.

ಹಿಪ್ಪುನೇರಳೆ ತೋಟದ ಚಿತ್ರದಿಂದ ಹಿಡಿದೆವು. ಅದು ಸುದ್ದಿ ತಾಣಗಳಲ್ಲಿತ್ತು, ಕೃಷಿ ಪುಟಗಳಲ್ಲಿತ್ತು, ತಲೆಗೂದಲ ಎಣ್ಣೆಯ ಜಾಹೀರಾತಿನಲ್ಲೂ ಇತ್ತು. ಎಲ್ಲ ಕಡೆಯೂ ನಮ್ಮ ಹಾಗೇ ಅಂತರ್ಜಾಲದ ಕೃಪೆ. ಒಂದೊಂದೇ ಪುಟ ತೆರೆದು, ಹಾಕಿದ ದಿನ ನೋಡಿ, ಹಿಂದಕ್ಕೆ ಹಿಂದಕ್ಕೆ ಹೋದಂತೆ, ಎಲ್ಲರೂ ಬಳಸಲಿ ಎಂದು ಚಿತ್ರ ಹಂಚುವ ಒಂದು ಸಾರ್ವಜನಿಕ ಭಂಡಾರ ಸಿಕ್ಕಿತು. ಅಲ್ಲಿ ತೆಗೆದವರ ಹೆಸರಿತ್ತು. ನನ್ನ ಹೆಸರು ಹೇಳಿ ಬಳಸಿರಿ ಎಂಬ ಷರತ್ತೂ ಇತ್ತು. ಆತ ಕೇಳಿದ್ದು ಅಷ್ಟೇ, ಅದನ್ನೂ ಯಾರೂ ಕೊಟ್ಟಿರಲಿಲ್ಲ. ಚಿತ್ರದ ಕೆಳಗೆ ತೆಗೆದವರ ಹೆಸರು, ಅವರೇ ಇಟ್ಟ ಶೀರ್ಷಿಕೆ, ವರ್ಷ, ತಾಣ, ಕೊಂಡಿ, ಬಳಕೆಯ ಷರತ್ತು, ನಾವು ನೋಡಿದ ದಿನ, ಹೀಗೆ ಕೂಡಿಸಿ ಬರೆದೆವು. ಇನ್ನೊಂದು ಚಿತ್ರದಲ್ಲಿ ಹುಳುಗಳು ಬಿಳಿಯ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿದ್ದವು. ಬುಡ ತಿರುವಿದರೆ ಅದು ಪರದೇಶದ್ದು. 'ನಮ್ಮ ಸೀಮೆಯ ಹುಳುಮನೆ' ಎಂದು ಅಡಿಬರಹ ಹಾಕಿದ್ದನ್ನು ನೋಡಿ ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸಿದರು. ಅದನ್ನು ಕಿತ್ತು ಹಾಕಿದೆವು.

ಒಂದು ಚಿತ್ರ ಮಾತ್ರ ಎಷ್ಟು ಹುಡುಕಿದರೂ ಎಲ್ಲೂ ಸಿಗಲಿಲ್ಲ. ಬಿದಿರಿನ ಚಂದ್ರಿಕೆಯನ್ನು ಗೋಡೆಗೆ ಒರಗಿಸಿಟ್ಟ ಚಿತ್ರ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲೆಂದು ಬಿಡುವ ತಟ್ಟೆ ಅದು, ಒಳಗೆ ಸುರುಳಿ ಸುರುಳಿಯಾಗಿ ಬಿದಿರಿನ ಗೋಡೆ.

"ಇದು ನಾನೇ ತೆಗ್ದಿದ್ದು ಕಣಕ್ಕ," ಅಂದಳು ಮೆಲ್ಲಗೆ.

"ಮತ್ತ ಅಂತರ್ಜಾಲ ಅಂತ ಯಾಕ ಹಾಕೀ ತಾಯಿ?"

"ಎಲ್ಲದಕ್ಕೂ ಹಾಕಿದ್ನಲ್ಲ. ಇದೊಂದಕ್ಕೇ ನನ್ನೆಸ್ರು ಹಾಕಿದ್ರೆ ಜಂಬ ಅನ್ಕೋತಾರೆ ಅಂತ."

ಸಾಹುಕಾರರು ಪೋಸ್ಟರಿನ ಸುರುಳಿಯಿಂದ ತಮ್ಮ ಹಣೆ ತಟ್ಟಿಕೊಂಡು ಅಂಗಡಿಗೆ ಹೋದರು.

ಚಿತ್ರಗಳ ಕೆಲಸ ಬೇಸರ ತರಿಸಲಿಲ್ಲ, ನಿಜ ಹೇಳಬೇಕೆಂದರೆ ಚಟ ಹಿಡಿಸಿತು. ವಿಡಿಯೊದ್ದು ಹಾಗಲ್ಲ. ಮೊದಲ ಸಲ ಅದನ್ನು ಪೂರ್ತಿ ನೋಡಿದೆ. ಮಬ್ಬು ಬೆಳಕಿನ ಹುಳುಮನೆ. ಒಬ್ಬ ಮುದುಕಿ ಹಣ್ಣಾದ ಹುಳುಗಳನ್ನು ಬೆರಳತುದಿಯಿಂದ ಎತ್ತಿ ಚಂದ್ರಿಕೆಗೆ ಬಿಡುತ್ತ, ಗಂಡನ ಮನೆಗೆ ಹೊರಟ ಮಗಳನ್ನು ಕಳಿಸುವ ಹಾಗೆ ಹಾಡುತ್ತಾಳೆ:

ಸೊಪ್ಪುಂಡ ಮಗಳೇ ಸಾಲಾಗಿ ಬಾರೆ
ಬಿದಿರಿನ ಮನೆಗೆ ಬಲಗಾಲಿಟ್ಟು ಸೇರೆ
ನಿನ್ನುಡಿಯ ಸೀರೆ ನೀನೇ ನೇಯ್ಕೊಳ್ಳೆ
ತವರಿಗೆ ಬರಿಗೈಲಿ ಬರಬ್ಯಾಡ ಮಗಳೆ

ಮರುದಿನ ಸಾಹುಕಾರರಿಗೂ ಕೇಳಿಸಿದೆ. ಸೀರೆ ಮಾರುವವರು, ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ, "ಅಲ್ರೀ, ಹುಳಕ್ಕ ಬಲಗಾಲು ಯಾವುದ್ರಿ?" ಅಂದರು.

ಈ ಹಾಡನ್ನು ಸಂಶೋಧಕಿಯ ಅಜ್ಜಿ ಹಾಡುತ್ತಿದ್ದಳಂತೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ, ಧ್ವನಿ ಹಿಡಿದಿಟ್ಟವರಿಲ್ಲ. ರೊಳ್ಳದ ಸುತ್ತ ಕೇಳಿದರೆ "ಹಾಡ್ತಿದ್ರು" ಅನ್ನುವವರಿದ್ದಾರೆ, ಹಾಡುವವರಿಲ್ಲ. ವಿಡಿಯೊ ಕಂಡಾಗ ಮಾತಿನ ಧಾಟಿ ಕೇಳಿ ನಮ್ಮ ಕಡೆಯದೇ ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು. ವಿವರಣೆಯ ಸಾಲು ಬಿಡಿಸಿ ಓದಿರಲೇ ಇಲ್ಲ.

ಸಂಶೋಧಕಿ ಮತ್ತೆ ಬಂದಾಗ ಬುಡ ತಿರುವುವ ಕೆಲಸ ಇಲ್ಲೂ ಮಾಡಿದೆವು. ಅವಳು ಕೊಂಡಿ ಕೊಟ್ಟಿದ್ದ ವಾಹಿನಿ ದೊಡ್ಡದು, ಬಹಳ ಜನ ನೋಡುವಂಥದ್ದು. ವಿಡಿಯೊದ ಮೂಲೆಯಲ್ಲಿ ಅದರದೊಂದು ದೊಡ್ಡ ಮುದ್ರೆ. ಆ ಮುದ್ರೆಯ ಅಡಿಯಲ್ಲಿ ಇನ್ನೊಂದು ಮುದ್ರೆಯ ಅಂಚು ಇಣುಕುತ್ತಿದೆ ಎಂದು ನನಗೆ ಅನುಮಾನ. ಪೋಸ್ಟರ್ ಕೆಲಸ ಮಾಡುವವಳಿಗೆ ತೇಪೆ ಬೇಗ ಕಾಣುತ್ತದೆ. ಕೆಳಗಿನ ಅಭಿಪ್ರಾಯಗಳನ್ನು ಒಂದೊಂದಾಗಿ ಓದುತ್ತ ಹೋದೆವು. ಸೊಗಸಾಗಿದೆ, ಅಜ್ಜಿಗೆ ನಮಸ್ಕಾರ, ಸೂಪರ್ ಎಂಬುವುಗಳ ನಡುವೆ ಒಂದು ಸಾಲು ಸಿಕ್ಕಿತು: 'ಇದು ನಮ್ಮ ವಿಡಿಯೊ. ಕೇಳದೆ ಯಾಕೆ ಹಾಕಿದಿರಿ.' ಬರೆದವರ ಹೆಸರಿನ ಮೇಲೆ ಒತ್ತಿದರೆ ಸಣ್ಣದೊಂದು ವಾಹಿನಿ ತೆರೆಯಿತು. ಅಡುಗೆ, ಮೇಕೆಮರಿ, ರಂಗೋಲಿ, ಅವುಗಳ ನಡುವೆ ಅದೇ ಹಾಡು. ಇಲ್ಲಿ ಅದು ಇನ್ನೂ ಸ್ವಲ್ಪ ಉದ್ದಕ್ಕಿತ್ತು, ಹಾಕಿದ ದಿನವೂ ಹಿಂದಿನದು. ಮೂಲ ಸಿಕ್ಕಿತೆಂದು ನಾವಿಬ್ಬರೂ ಕೈ ತಟ್ಟಿಕೊಂಡೆವು.

ವಿವರಣೆ ಬಿಡಿಸಿ ನೋಡಿದೆ. 'ನಮ್ಮ ಅತ್ತೆಯವರು ಹುಳ ಕಳಿಸುವ ಹಾಡು. ಊರು ಶಿಡ್ಲಘಟ್ಟ.'

ಮೂಲವೇ ಹಾಗೆ ಹೇಳಿದ ಮೇಲೆ ಇನ್ನೇನು? ಸಂಶೋಧಕಿ ಬ್ಯಾಗಿನ ಜಿಪ್ಪು ಎಳೆದಳು, ಹೊರಡುವವಳಂತೆ. ಆದರೆ ಕುತೂಹಲ ಕೆಟ್ಟದ್ದು, ಅರ್ಧಕ್ಕೆ ಬಿಟ್ಟು ಏಳಗೊಡುವುದಿಲ್ಲ. ವಿಡಿಯೊದಲ್ಲಿ ಹುಳುಗಳ ಅಡಿಯಲ್ಲಿ ಹಾಸಿದ್ದ ಪತ್ರಿಕೆ ತೆಲುಗಿನದು ಎಂದು ತೋರಿಸಿದಳು. ಕಾಲೇಜಿನಲ್ಲಿದ್ದ ಮಾರ್ಗದರ್ಶಕರಿಗೆ ಫೋನು ಮಾಡಿದೆವು. "ಶಿಡ್ಲಘಟ್ಟದ ಸುತ್ತ ತೆಲುಗು ಮಾತಾಡೋರು ಕಡಿಮೆ ಅದಾರೇನಮ್ಮ? ಅಲ್ಲೂ ತೆಲುಗು ಪೇಪರ್ ಹೋಗ್ತದ. ಒಪ್ಪಲ್ಲ," ಅಂದರು. ಅದೇ ವಾಹಿನಿಯ ಬೇರೆ ವಿಡಿಯೊಗಳನ್ನು ನೋಡುತ್ತ ಕುಳಿತೆವು. ಮೇಕೆಮರಿ ಕುಣಿಯುವ ವಿಡಿಯೊದಲ್ಲಿ ಹಿಂದಿನ ರಸ್ತೆಯ ಮೇಲೆ ಬಸ್ಸೊಂದು ಹಾದುಹೋಯಿತು. ನಿಲ್ಲಿಸಿ, ಹಿಗ್ಗಿಸಿ, ಮತ್ತೆ ನಿಲ್ಲಿಸಿ ನೋಡಿದರೆ ಬೋರ್ಡಿನಲ್ಲಿ ತೆಲುಗು ಅಕ್ಷರ: ಮಡಕಶಿರ, ರೊಳ್ಳ.

"ಸರ್, ನಮ್ಮ ಬಸ್ಸು!" ಎಂದು ಅವಳು ಫೋನಿನಲ್ಲಿ ಕಿರುಚಿದಳು.

"ಮೇಕಿ ಕುಣಿದಿದ್ದು ಅಲ್ಲಿ ಅಂತ ಆತು. ಹಾಡಿದ್ದು ಎಲ್ಲಿ? ಮೇಕಿ ತವರಿಂದು, ಆ ಸೊಸಿ ಗಂಡನ ಮನಿ ಶಿಡ್ಲಘಟ್ಟ ಇರಬೌದಲ್ಲ?" ಮಾರ್ಗದರ್ಶಕರು ನಮ್ಮನ್ನು ಕೆಡವುತ್ತಿದ್ದಾರೆ ಎಂದು ಆಗ ಸಿಟ್ಟು ಬಂದಿತ್ತು. ಅವರು ಕೇಳದೆ ಬಿಟ್ಟಿದ್ದರೆ ಅದನ್ನೇ ಪರೀಕ್ಷಕರು ಕೇಳುತ್ತಿದ್ದರು.

ಆ ಸಣ್ಣ ವಾಹಿನಿ ಸಿಕ್ಕ ಕೂಡಲೇ ಸಂಶೋಧಕಿ ಅಲ್ಲೊಂದು ಅಭಿಪ್ರಾಯ ಬರೆದಿದ್ದಳು: 'ಸದರಿ ವಿಡಿಯೊದ ಆಕರ ಮಾಹಿತಿ ಒದಗಿಸಬೇಕಾಗಿ ಕೋರಿಕೆ.' ಉತ್ತರ ಇಲ್ಲ. "ಇದನ್ನ ಓದಿದರ ಪೊಲೀಸರು ಬಂದಾರ ಅನಸ್ತದ," ಎಂದು ನಾನು ಬೇರೆ ಬರೆಸಿದೆ: 'ತಂಗಿ, ನಮ್ಮಜ್ಜಿನೂ ಇದೇ ಹಾಡು ಹೇಳ್ತಿತ್ತು. ನಿಮ್ಮತ್ತೆ ದನಿ ಕೇಳಿ ನಮ್ಮಜ್ಜಿ ಬಂದಂಗಾಯ್ತು. ನಂದು ರೊಳ್ಳದ ಹತ್ರ.' ಸಂಜೆಯೊಳಗೆ ಉತ್ತರ ಬಂತು. ಮರುದಿನ ಫೋನ್ ನಂಬರು ಬಂತು. ಮಾತಾಡಿದವಳು ಸೊಸೆ. ಊರು ಎಲ್ಲಿ ಎಂದು ಕೇಳಿದರೆ ನಕ್ಕು, "ಬನ್ನಿ ಅಕ್ಕ, ಬಂದ್ಮೇಲೆ ಗೊತ್ತಾಗ್ತೈತಲ್ಲ," ಅಂದಳು. ರೊಳ್ಳದಲ್ಲಿ ಇಳಿದು ಫೋನು ಮಾಡಬೇಕೆಂಬ ಕರಾರು.

ನಾನೂ ಹೊರಟೆ. ಟೈಪು ಮಾಡುವವಳಿಗೆ ಅಲ್ಲೇನು ಕೆಲಸ ಎಂದು ಮನೆಯಲ್ಲಿ ಕೇಳಿದರು. ಅಡಿಟಿಪ್ಪಣಿಯ ಒಳಗಿರುವ ಮನೆಯನ್ನು ಕಣ್ಣಾರೆ ನೋಡುವ ಯೋಗ ನನ್ನಂಥವರಿಗೆ ಎಲ್ಲಿ ಬರುತ್ತದೆ? ಕಲ್ಯಾಣದುರ್ಗ, ಪಾವಗಡ, ಮಡಕಶಿರ ಎಂದು ಬಸ್ಸು ಬದಲಿಸುತ್ತ ಹೋದೆ. ರೊಳ್ಳದಲ್ಲಿ ಸಂಶೋಧಕಿ ಕಾಯುತ್ತಿದ್ದಳು. ಅಲ್ಲಿಂದ ಆಟೋ. ಮುಂದಿನ ದಾರಿಯನ್ನು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ.

ಮನೆಯ ಮುಂದೆ ಸೊಸೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿಯ ನೀರು ಇಟ್ಟುಕೊಂಡು ನಿಂತಿದ್ದಳು. ಕೈಕಾಲು ತೊಳೆದೆವು. ಮುದುಕಿ ಜಗುಲಿಯ ಮೇಲಿನಿಂದಲೇ ನನ್ನ ತಲೆ ನೋಡಿ, "ಆ ಮಲ್ಲಿಗೆ ತೆಗ್ದು ಆಚೆ ಇಡವ್ವ. ಹುಳಕ್ಕೆ ವಾಸನೆ ಆಗಲ್ಲ," ಅಂದಳು. ಮುಡಿದಿದ್ದ ಹೂವನ್ನು ತೆಗೆದು ಬೇಲಿಗೆ ಸಿಕ್ಕಿಸಿದೆ. ಹುಳುಗಳು ನಾಲ್ಕನೆಯ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಬಕಾಸುರ. ಒಳಗೆ ನಮಗೆ ಪ್ರವೇಶವಿಲ್ಲ. ಜಗುಲಿಯ ಮೇಲೆ ಕೂತರೂ ಒಳಗಿನಿಂದ ಸೊಪ್ಪು ಮೇಯುವ ಸದ್ದು ಸರಸರ ಕೇಳುತ್ತಿತ್ತು.

ಮುದುಕಿ ನಮ್ಮಿಬ್ಬರನ್ನೂ ಚೆನ್ನಾಗಿ ವಿಚಾರಿಸಿದಳು. ಯಾರ ಪೈಕಿ, ಎಷ್ಟು ಮಕ್ಕಳು. ನಾನು ರಾಯದುರ್ಗ ಎಂದಾಗ, "ನಿಮ್ಮೂರಾಗೆ ಹುಳ ಸಾಕ್ತಾರಾ?" ಅಂದಳು.

"ನಮ್ಮ ಪ್ಯಾಟ್ಯಾಗ ಯಾರೂ ಇಲ್ರಿ ಅಜ್ಜಿ. ಸೀರಿ ಅಂಗಡಿ ಅದಾವ, ಬಟ್ಟಿ ಹೊಲಿಯೋರು ಅದಾರ."

"ಒಂದ್ ಮನೇನೂ ಇಲ್ವಾ?" ಎಂದು ಏನೋ ಯೋಚನೆ ಮಾಡಿದಳು.

ಕೊನೆಗೆ ಸಂಶೋಧಕಿ ಗಂಟಲು ಸರಿಮಾಡಿಕೊಂಡು ಕೇಳಿದಳು: "ಅಜ್ಜಿ, ವಿಡಿಯೊ ತೆಗ್ದಿದ್ದು ಇಲ್ಲೇ ತಾನೆ? ಮತ್ತೆ ಶಿಡ್ಲಘಟ್ಟ ಅಂತ ಯಾಕೆ ಹಾಕಿದ್ರಿ?"

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕಿಗೆ ಯಾವ ಸಂಕೋಚವೂ ಇರಲಿಲ್ಲ. "ನಾನೇ ಹಾಕ್ಸಿದ್ದು. ಇವ್ಳು ಫೋನ್ನಾಗೆ ಹಿಡ್ದು ಲೋಕಕ್ಕೆಲ್ಲ ತೋರಿಸ್ತೀನಿ ಅಂದ್ಲು. ಹಣ್ಣಾಗಿರೋ ಹುಳ, ನೋಡ್ದೋರ ಕಣ್ಣು ಎಂಗಿರ್ತದೋ. ಊರು ಹೇಳಿದ್ರೆ ದೃಷ್ಟಿ ನೆಟ್ಟಗೆ ಇಲ್ಲಿಗೇ ಬತ್ತದೆ. ಶಿಡ್ಲಘಟ್ಟ ಅಂದ್ರೆ ಅಲ್ಲಿ ಎಷ್ಟ್ ಮನೆ ಹುಳ ಐತೆ! ಎಲ್ಲಾ ಮನೆಗೂ ಹಂಚ್ಕೊಂಡು ಹೋಗ್ತದೆ. ಮನೆಗೊಂದ್ ಚೂರು ಬಿದ್ರೆ ಯಾರ್ಗೂ ಏನೂ ಆಗಲ್ಲ. ನಮ್ದು ಒಂಟಿ ಮನೆ, ತಡ್ಕೊಳ್ಳಲ್ಲ."

ಹುಳುಮನೆಯ ಬಾಗಿಲಿಗೆ ಕಟ್ಟುವ ಕರಿ ದಾರ, ನಿಂಬೆ, ಮೆಣಸಿನಕಾಯಿಗಳ ಬಗ್ಗೆ ಸಂಶೋಧಕಿ ಒಂದು ಅಧ್ಯಾಯವನ್ನೇ ಬರೆದಿದ್ದಳು. ವಿಡಿಯೊದ ವಿವರಣೆಗೆ ಕಟ್ಟಿದ ನಿಂಬೆಕಾಯಿ ಮಾತ್ರ ಅವಳಿಗೆ ಕಂಡಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಅವಳದು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಳು, ತನ್ನ ಜಾಣತನಕ್ಕೆ.

"ಹಂಗಾದ್ರೆ ಈಗ ನಿಜವಾದ ಊರು ಬರ್ಕೋತೀನಿ ಅಜ್ಜಿ," ಎಂದು ಸಂಶೋಧಕಿ ಪೆನ್ನು ತೆಗೆದದ್ದೇ ತಡ, ಮುದುಕಿಯ ನಗು ನಿಂತಿತು.

"ಬರೀಬ್ಯಾಡ."

"ಅಜ್ಜಿ, ಅದು ಬರೀದೆ ಇದ್ರೆ ನನ್ನ ಓದೆಲ್ಲ ಹೋಗ್ತೈತೆ."

"ನಿನ್ ಓದು ಹೋದ್ರೆ ಇನ್ನೊಂದ್ ಸಲ ಓದ್ಬೋದು ಕಣ್ ಮಗ. ಹುಳ ಹೋದ್ರೆ? ಒಳ್ಗೆ ಮೇಯ್ತಾವೆ, ಕೇಳ್ತಿಲ್ವಾ?"

ಸೊಸೆ ಒಳಗೆ ಸೊಪ್ಪು ಹಾಕಲು ಹೋದಳು. ಮುದುಕಿಯೂ ಎದ್ದು ಅವಳ ಹಿಂದೆ ನಡೆದಳು. ಸಂಶೋಧಕಿ ಅಂಗಳದ ತುದಿಗೆ ಹೋಗಿ ಮಾರ್ಗದರ್ಶಕರಿಗೆ ಫೋನು ಮಾಡಿದಳು. ಸ್ಥಳವಿಲ್ಲದೆ ಆಗುವುದಿಲ್ಲ ಎಂದು ಅವರು ಅಂದರು. ಪಾಪ, ಅವರು ಬೇರೆ ಏನು ಹೇಳಿಯಾರು? ಊರಿನ ಹೆಸರು ನಮಗೆ ಗೊತ್ತಿತ್ತು, ಆಟೋದಿಂದ ಇಳಿದಾಗಲೇ ಬೋರ್ಡು ಓದಿದ್ದೆವು. ಮುದುಕಿ ಪ್ರಬಂಧ ಓದುವವಳಲ್ಲ. ಬರೆದರೆ ಕೇಳುವವರು ಯಾರು? ನಾನು ಅದನ್ನು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ನನ್ನ ಮುಖದಲ್ಲಿ ಇತ್ತೆಂದು ಕಾಣುತ್ತದೆ.

"ಬ್ಯಾಡಕ್ಕ," ಅಂದಳು ಸಂಶೋಧಕಿ. "ಆ ದೊಡ್ಡ ಚಾನಲ್ಲೋರು ಕೇಳ್ದೇ ಎತ್ಕೊಂಡ್ರು. ನಾನೂ ಅದನ್ನೇ ಮಾಡ್ದಂಗಾಗ್ತೈತೆ. ಆಯಮ್ಮ ಹೂಂ ಅಂದಿದ್ದಷ್ಟೇ ಬರೀತೀನಿ. ಅದ್ರಾಗೆ ನಿಂತ್ರೆ ನಿಲ್ಲಲಿ."

ಮುದುಕಿ ಹೊರಗೆ ಬಂದಾಗ ಅವಳು ಕೇಳುವ ರೀತಿಯನ್ನೇ ಬದಲಿಸಿದಳು. ಊರು ಬೇಡ, ಆಯಿತು. ಎಲ್ಲಿಯವರೆಗೆ ಹೇಳಬಹುದು? ಚೌಕಾಸಿ ಶುರುವಾಯಿತು. ಪಂಚಾಯ್ತಿ? ಊಹೂಂ, ಅದರಲ್ಲಿ ಹುಳುಮನೆ ನಾಕೋ ಐದೋ. ಅದಕ್ಕಿಂತ ದೊಡ್ಡದು, ತಾಲೂಕಿನಂಥ ಮಂಡಲ? ಮುದುಕಿ ಬೆರಳು ಮಡಿಸುತ್ತ, ಯಾರ ಯಾರ ಮನೆಯಲ್ಲಿ ಹುಳು ಇದೆ ಎಂದು ಎಣಿಸಿದಳು. ಸಾಲದು.

"ಮಡಕಶಿರ ಕಡೆ ಅನ್ಲಾ?"

ಮುದುಕಿ ಮಡಕಶಿರ, ಅಮರಾಪುರ, ಅಗಳಿ ಎಂದು ಮನಸ್ಸಿನಲ್ಲೇ ಒಂದು ಸುತ್ತು ಹೊಡೆದು ಬಂದಳು. "ಅನ್ನು. ಅಷ್ಟರಾಗೆ ಬೇಜಾನ್ ಮನೆ ಅವೆ, ಹಂಚ್ಕೋತವೆ."

ಸಂಶೋಧಕಿಯ ಅಧ್ಯಾಯ ಹೇಳಿದ್ದೂ ಅಷ್ಟೇ. ಹಾಡು ಮಡಕಶಿರ ಸೀಮೆಯದು. ಊರು ಯಾವುದೆಂದು ಅಲ್ಲ. ತನಗೆ ಬೇಕಾಗಿದ್ದು ಎಷ್ಟೆಂದು ಅವಳಿಗೆ ತಿಳಿದದ್ದು ಆ ಚೌಕಾಸಿಯಲ್ಲಿ. ತನ್ನ ಹೆಸರೂ ಬೇಡ ಎಂದ ಮುದುಕಿಯ ಒಪ್ಪಿಗೆಯನ್ನು ಅವಳ ಮಾತಿನಲ್ಲೇ ಧ್ವನಿಮುದ್ರಿಸಿಕೊಂಡಳು. ಹಾಡಿ ತೋರಿಸಿ ಎಂದೂ ಕೇಳಿದಳು. ಹುಳು ಹಣ್ಣಾಗದೆ ಆ ಹಾಡು ಹಾಡಬಾರದಂತೆ, ಬೇಗ ಕಳಿಸಿದ ಹಾಗಾಗುತ್ತದಂತೆ, ಸಿಗಲಿಲ್ಲ.

ಹೊರಡುವಾಗ ಸೊಸೆ ಬೇಲಿಯವರೆಗೆ ಬಂದಳು. "ಅಕ್ಕ, ಬುಕ್ಕಿನಾಗೆ ವಿಡಿಯೊ ತೆಗೆದೋರು ಅಂತ ಹೆಸ್ರು ಹಾಕ್ತಾರಾ?" ಎಂದು ಕೇಳಿದಳು. ವಿಡಿಯೊದಲ್ಲಿ ಅವಳು ಎಲ್ಲೂ ಕಾಣುವುದಿಲ್ಲ, ವಾಹಿನಿ ಇರುವುದು ಮಗುವಿನ ಹೆಸರಿನಲ್ಲಿ. ನಾವು ಜಗುಲಿಯ ಕಡೆ ನೋಡಿದೆವು. ಮುದುಕಿಯ ಕಿವಿ ಚುರುಕು. "ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಆ ಹೆಸ್ರಿನೋರು ಊರಿಗೆ ಹತ್ ಜನ ಅವ್ರೆ!"

ರಾಯದುರ್ಗಕ್ಕೆ ಮರಳಿ ಆ ನಮೂದನ್ನು ನಾನು ಎಷ್ಟು ಸಲ ಟೈಪು ಮಾಡಿ ಅಳಿಸಿದೆನೋ. ಮೊದಲು ವಿಡಿಯೊ ತೆಗೆದವಳ ಹೆಸರು, ಆವರಣದಲ್ಲಿ ವಾಹಿನಿಯ ಹೆಸರು. ಆಮೇಲೆ ಅಲ್ಲಿರುವಂತೆಯೇ, ಅಕ್ಷರ ತಿದ್ದದೆ, ಶೀರ್ಷಿಕೆ. ಹಾಕಿದ ದಿನ, ಕೊಂಡಿ, ಹಾಡು ಬರುವ ನಿಮಿಷ ಎಲ್ಲಿಂದ ಎಲ್ಲಿಗೆ, ನಾವು ನೋಡಿದ ದಿನ. ಕೆಳಗೆ ಟಿಪ್ಪಣಿ: ವಿವರಣೆಯಲ್ಲಿ 'ಶಿಡ್ಲಘಟ್ಟ' ಎಂದಿದೆ, ದೃಷ್ಟಿ ತಗಲದಿರಲೆಂದು ಬೇರೆ ಊರು ಬರೆಸಿದ್ದಾಗಿ ಹಾಡಿದವರು ಭೇಟಿಯಲ್ಲಿ ತಿಳಿಸಿದರು, ಹಾಡಿದ್ದು ಮಡಕಶಿರ ಸೀಮೆಯಲ್ಲಿ, ಹೆಸರು ಮತ್ತು ಊರನ್ನು ಅವರ ಇಚ್ಛೆಯಂತೆ ಇಲ್ಲಿ ಕೊಟ್ಟಿಲ್ಲ. ವಿಡಿಯೊದ ಆ ಪುಟದ ಒಂದು ಪ್ರತಿಯನ್ನು ತಾರೀಖು ಕಾಣುವಂತೆ ಮುದ್ರಿಸಿ ಅನುಬಂಧದಲ್ಲಿ ಇಟ್ಟೆವು. ಸುಳ್ಳು ಊರು ಬರೆಸುವುದೂ ಒಂದು ಆಚಾರವೇ ಎಂದು ನಾಲ್ಕನೆಯ ಅಧ್ಯಾಯಕ್ಕೆ ಹೊಸದೊಂದು ಭಾಗ ಸೇರಿತು. ಮಾರ್ಗದರ್ಶಕರು ಓದಿ, "ಇದು ಬೇರೆ ಯಾರೂ ಬರೆದಿಲ್ಲಮ್ಮ," ಅಂದರು.

ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಯಿತು. ನಮಗೆ ಹುಳುಗಳದ್ದೇ ಯೋಚನೆ. ನಾವು ಹೋಗಿ ಬಂದ ಮೇಲೆ ಬೆಳೆ ಕೆಟ್ಟರೆ ಯಾರ ಕಣ್ಣೆಂದು ಹೇಳಬೇಕಾಗಿಯೇ ಇಲ್ಲ. ಸಂಶೋಧಕಿ ಫೋನು ಮಾಡಿ ಪ್ರಬಂಧದ ಮಾತು ಬಿಟ್ಟು, "ಹಣ್ಣಾದ್ವಂತಾ ಅಕ್ಕ?" ಎಂದು ನನ್ನನ್ನೇ ಕೇಳುತ್ತಿದ್ದಳು. ಸೀರೆ ಸಾಹುಕಾರರೂ ಬೆಳಿಗ್ಗೆ ಅಂಗಡಿ ತೆರೆಯುವಾಗ, "ಹೆಣ್ಣುಮಕ್ಕಳು ಗಂಡನ ಮನಿ ಸೇರಿದ್ರೇನ್ರಿ?" ಎಂದು ವಿಚಾರಿಸುತ್ತಿದ್ದರು. ಕೊನೆಗೆ ಹಿಂದೂಪುರದ ಗೂಡಿನ ಮಾರುಕಟ್ಟೆಯಿಂದಲೇ ಸೊಸೆ ಫೋನು ಮಾಡಿದಳು. ಗೂಡು ಗಟ್ಟಿಯಾಗಿ ಬಂದಿತ್ತು. ಆ ದಿನ ಸಾಹುಕಾರರು ಪೇಡೆ ತರಿಸಿದರು.

ಮೌಖಿಕ ಪರೀಕ್ಷೆ ಎಲ್ಲರೂ ಕೂತು ಕೇಳಬಹುದಾದದ್ದು. ನಾನು ಹಿಂದಿನ ಸಾಲಿನಲ್ಲಿದ್ದೆ. ಪರೀಕ್ಷಕರು ಚಿತ್ರಗಳ ಪುಟಗಳನ್ನು ಬೇಗ ಬೇಗ ದಾಟಿದರು. ಅಂತರ್ಜಾಲಕ್ಕೆ ಇಲ್ಲಿ ಯಾವ ಋಣವೂ ಉಳಿದಿಲ್ಲ ಎಂದು ನಕ್ಕರು. ಆಮೇಲೆ ನಾಲ್ಕನೆಯ ಅಧ್ಯಾಯ ತೆರೆದು ಹೇಳಿದರು: "ವಿವರಣೆಯಲ್ಲಿ ಶಿಡ್ಲಘಟ್ಟ ಎಂದಿದೆ ಅಂತ ನೀವು ಬರೆದಿದ್ದೀರಿ. ನಿನ್ನೆ ನಾನು ನೋಡಿದಾಗ ರಾಯದುರ್ಗ ಅಂತಿತ್ತು. ಯಾವುದು ನಿಜ?"

ಸಂಶೋಧಕಿಗೆ ಇದು ಗೊತ್ತೇ ಇರಲಿಲ್ಲ. ಅವಳು ಅನುಬಂಧದ ಪುಟ ತೆರೆದು ಮುಂದಿಟ್ಟಳು. "ಸರ್, ನಾವು ನೋಡಿದ ದಿನಾಂಕ ನಮೂದಿನಲ್ಲೇ ಇದೆ. ಆ ದಿನದ ಪುಟ ಇದು. ಆಮೇಲೆ ಬದಲಾಗಿರಬೇಕು. ಯಾಕೆಂದು ನನಗೂ ಗೊತ್ತಿಲ್ಲ."

"ಕೇಳಬಹುದೇ?" ಅಂದರು ಪರೀಕ್ಷಕರು. ಅವರಿಗೂ ಕುತೂಹಲ ಹಿಡಿದಿತ್ತು.

ಸಂಶೋಧಕಿ ಅಲ್ಲಿಂದಲೇ ಫೋನು ಹಚ್ಚಿದಳು. ಯಾರ್ಯಾರು ಕೇಳುತ್ತಿದ್ದಾರೆಂದು ಮೊದಲೇ ಹೇಳಿ, ಸ್ಪೀಕರ್ ಒತ್ತಿದಳು. ಸೊಸೆ ಎತ್ತಿದಳು, ಮುದುಕಿ ಕಿತ್ತುಕೊಂಡಳು. "ನೀವು ಶಿಡ್ಲಘಟ್ಟ ಸುಳ್ಳು ಅಂತ ಬುಕ್ಕಿನಾಗೆ ಬರ್ದ್ರಲ್ಲ, ಇನ್ ಅದು ಕೆಲ್ಸ ಮಾಡ್ತದಾ? ಅದಕ್ಕೇ ಆ ಮಲ್ಲಿಗೆ ಅಮ್ಮನ ಊರು ಹಾಕ್ಸ್ದೆ. ಅಲ್ಲಿ ಒಂದ್ ಮನೇನೂ ಹುಳ ಇಲ್ವಂತೆ. ದೃಷ್ಟಿ ಹೋಗಿ ಹುಡುಕಿ ಹುಡುಕಿ ಸುಸ್ತಾಗ್ಲಿ!"

ಮೊದಲು ನಕ್ಕವರು ಪರೀಕ್ಷಕರೇ. ನಗು ನಿಂತ ಮೇಲೆ, ಇದನ್ನೂ ಟಿಪ್ಪಣಿಯಲ್ಲಿ ಸೇರಿಸಿ, ಇವತ್ತಿನ ತಾರೀಖು ಹಾಕಿ ಎಂದು ಹೇಳಿ ಸಹಿ ಮಾಡಿದರು.

ಸಂಶೋಧಕಿಗೆ ಪದವಿ ಬಂತು. ಕೆಲವು ತಿಂಗಳ ನಂತರ ಅನಂತಪುರದ ಕಡೆಯ ಒಬ್ಬ ಯುವ ಅಧ್ಯಾಪಕರು ಬಸ್ಸಿಳಿದು ನಮ್ಮ ಓಣಿಗೆ ಬಂದರು. ಫೋನಿನಲ್ಲಿ ವಿಡಿಯೊ ತೋರಿಸಿ, ರಾಯದುರ್ಗದಲ್ಲಿ ಈ ಹುಳುಮನೆ ಎಲ್ಲಿ ಎಂದು ಮೊದಲು ಕೇಳಿದ್ದು ಸೀರೆ ಸಾಹುಕಾರರನ್ನು. ಅವರು ನನ್ನ ಅಂಗಡಿ ತೋರಿಸಿದರು. ನಾನು ಅವರನ್ನು ಕೂರಿಸಿ, ನೀರು ಕೊಟ್ಟು, ಸೊಸೆಗೆ ಫೋನು ಮಾಡಿದೆ. ಹುಳುಗಳು ಆಗ ಎರಡನೆಯ ಜ್ವರದಲ್ಲಿದ್ದವು. ಗೂಡು ಬಿಡಿಸಿದ ಮೇಲೆ ಬರಲಿ, ಹೂವು ಗೀವು ಬೇಡ ಎಂದು ಹಿಂದಿನಿಂದ ಮುದುಕಿಯ ದನಿ ಕೇಳಿಸಿತು. ಅವರು ನಂಬರು ಬರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಿದರು.